ಬಿಸಿಗಾಳಿಯ ಕಿಂಡಿ

ಡೆಲ್ಬರ್ಟ್ ಸೇತುವೆಯ ಕೆಳಗಿರಲಿಲ್ಲ. ಅವನ ಹಾಸಿಗೆಯ ಸುರುಳಿಯೂ ಇರಲಿಲ್ಲ. ಅವನನ್ನು ಹುಡುಕಲು ಬಂದ ಸರ್ಕಾರಿ ನೌಕರಳು ಕೊರಿನ್ ಗಡಿಯಾರ ನೋಡಿಕೊಂಡಳು. ಮೂರೂಕಾಲು.

"ಐದರೊಳಗೆ ಅವನು ಸಹಿ ಹಾಕದಿದ್ರೆ ಅವನಿಗೆ ಬಂದಿರೋ ಮನೆ ಕೈತಪ್ಪುತ್ತೆ, ಮಿಸ್ ಓಪಲ್. ಪಟ್ಟಿಯಲ್ಲಿ ಎರಡನೆಯವರಿಗೆ ಹೋಗುತ್ತೆ."

"ಯಾರಂತೆ ಅವರು?"

"ನಮಗೆ ಹೆಸರು ಹೇಳಲ್ಲ, ಬರೀ ನಂಬರು. ಮುಖ ನೋಡಿ ಮಣೆ ಹಾಕಬಾರದು ಅಂತ."

"ಒಳ್ಳೇ ಪದ್ಧತಿ," ಎಂದು ಓಪಲ್ ಕಾರು ಹತ್ತಿದಳು. ಬೆಳಗ್ಗೆಯಿಂದ ತನ್ನ ದೊಡ್ಡ ಚೀಲವನ್ನು ಅವಳು ಒಮ್ಮೆಯೂ ಕಾರಿನಲ್ಲಿ ಬಿಟ್ಟು ಇಳಿದಿರಲಿಲ್ಲ.

ಹತ್ತು ವರ್ಷದಲ್ಲಿ ಕೌಂಟಿಯ, ಅಂದರೆ ಆ ಜಿಲ್ಲೆಯ, ಬೀದಿಗಳಲ್ಲಿ ಮಲಗುವವರೇ ಇರಬಾರದು ಎಂಬ ಯೋಜನೆಗೆ ಇದು ಎಂಟನೆಯ ವರ್ಷ. ಭಿತ್ತಿಪತ್ರದಲ್ಲಿ ಸಾವಿರ ಬೀಗದ ಕೈಗಳ ಚಿತ್ರ. ಈ ತಿಂಗಳು ನಿಜವಾಗಿ ಬಂದದ್ದು ಒಂದು. ಆ ಯೋಜನೆಯಲ್ಲಿ ತಲೆ ಓಡಿಸಿ ಬರೆದ ಒಂದೇ ನಿಯಮವೆಂದರೆ, ಹುಡುಕಲು ಹೋಗುವ ನೌಕರರ ಜೊತೆ ಬೀದಿಯ ಬದುಕು ಬಲ್ಲವರೊಬ್ಬರು ಇರಬೇಕೆಂಬುದು. ಹಾಗೆ ಬಂದವಳು ಓಪಲ್. ಅರವತ್ತೆಂಟು ವರ್ಷ, ಕೌಂಟಿಯ ಹಳದಿ ಅಂಗಿ, ಊರಿನ ಮೂಲೆಮೂಲೆಯೂ ಬಾಯಿಪಾಠ. ಯೋಜನೆ ಗೆದ್ದದ್ದಕ್ಕೆ ಇವಳೇ ಸಾಕ್ಷಿ ಎಂದು ಕಛೇರಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ರಾತ್ರಿಗೆ ಹಿಮ ಬೀಳುವುದಿತ್ತು. ಹೋದ ವರ್ಷದ ಚಳಿಗೆ ಡೆಲ್ಬರ್ಟ್ ಮೂರು ಕಾಲ್ಬೆರಳು ಕಳೆದುಕೊಂಡಿದ್ದ. ಇನ್ನೊಂದು ಚಳಿಗಾಲ ಅವನು ತಡೆಯಲಾರ. ಕೊರಿನ್ ಗ್ರಂಥಾಲಯದ ಕಡೆ ಕಾರು ತಿರುಗಿಸಿದಳು.

ಗ್ರಂಥಾಲಯದ ಕಾವಲುಗಾರ ತಲೆಯಾಡಿಸಿದ. "ನಿನ್ನೆ ಗೊರಕೆ ಹೊಡೀತಿದ್ದ, ಎಬ್ಬಿಸಿ ಕಳಿಸಿದೆ. ಇದೇನು ಛತ್ರಾನಾ?" ಆಮೇಲೆ ಓಪಲ್ ಕಡೆ ತಿರುಗಿ, "ಏನ್ ಮಿಸ್ ಓಪಲ್, ಇವತ್ತು ಪತ್ತೇನೇ ಇಲ್ಲ!" ಎಂದ.

"ಕೆಲಸ ಇತ್ತು ಕಣಪ್ಪಾ. ನಾನೂ ದುಡಿಯೋಳು."

ಚರ್ಚಿನ ಊಟದ ಮನೆಯ ಬಾಗಿಲು ಹಾಕಿತ್ತು. ಬಸ್ ನಿಲ್ದಾಣದಲ್ಲೂ ಅವನ ಸುಳಿವಿಲ್ಲ. ಕೊರಿನ್ ಕೊಟ್ಟ ಸ್ಯಾಂಡ್‌ವಿಚ್ಚಿನಲ್ಲಿ ಓಪಲ್ ಅರ್ಧ ತಿಂದಳು, ಉಳಿದರ್ಧ ಸುತ್ತಿ ಚೀಲಕ್ಕಿಟ್ಟಳು, ಮತ್ತೆ ಫೋನು ನೋಡಿದಳು.

"ಯಾರದಾದ್ರೂ ಕರೆ ಬರೋದಿದೆಯಾ?"

"ಐದರವರೆಗೆ ಫೋನು ಕೈಯಲ್ಲೇ ಇಟ್ಕೊಂಡಿರಿ ಅಂದಿದಾರೆ."

"ಆಸ್ಪತ್ರೆಯವರಾ?"

"ಒಂಥರಾ ಹಾಗೇ."

ನಾಲ್ಕೂ ಇಪ್ಪತ್ತು. ಕೊರಿನ್ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. "ಸಾಕು. ಎರಡನೆಯವರಿಗೇ ಕೊಟ್ಬಿಡಿ ಅಂತೀನಿ. ಅವರಿಗಾದ್ರೂ ಇವತ್ತು ಸೂರು ಸಿಗಲಿ."

ಓಪಲ್ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಕಿಟಕಿಯಾಚೆ ನೋಡುತ್ತ ಕುಳಿತಳು. ಎದುರಿನ ದೀಪ ಹಸಿರಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು. ಕೊರಿನ್ ಕಛೇರಿಯ ನಂಬರು ಒತ್ತತೊಡಗಿದಳು.

"ಇಡು ಫೋನು," ಎಂದಳು ಓಪಲ್. "ಇನ್ನೊಂದು ಜಾಗ ಇದೆ."

"ಮೊದಲೇ ಹೇಳೋಕೇನಾಗಿತ್ತು?" ಕೊರಿನ್‌ಗೆ ರೇಗಿತು.

"ಹೇಳಬೇಕಿತ್ತು ಮಗಾ. ಬೈಯಿ, ಬೈಸಿಕೊಳ್ತೀನಿ. ಈಗ ಗಾಡಿ ಓಡಿಸು."

ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಗೋಡೆಯಲ್ಲಿ, ಒಣಗಿಸುವ ಯಂತ್ರಗಳ ಬಿಸಿಗಾಳಿ ಹೊರಬೀಳುವ ಕಿಂಡಿ. ಅದಕ್ಕೆ ಬೆನ್ನು ಕೊಟ್ಟು ಡೆಲ್ಬರ್ಟ್ ಮುದುರಿ ಕುಳಿತಿದ್ದ. ಓಪಲ್‌ಳನ್ನು ಕಂಡದ್ದೇ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದ.

"ಸರೀಬೇಡ, ಏಳು ಮಾರಾಯ. ನಿನಗೆ ಮನೆ ಬಂದಿದೆ."

ಅವನು ಅವಳ ಮುಖವನ್ನೇ ನೋಡಿದ. "ಹಾಗಾದ್ರೆ ನಿನ್ನ ಗತಿ?"

"ಸಹಿ ಹಾಕೋ ಮೊದಲು. ಹರಟೆ ಆಮೇಲೆ."

ನಾಲ್ಕು ಐವತ್ತೆರಡಕ್ಕೆ ಸಹಿ ಬಿತ್ತು. ಡೆಲ್ಬರ್ಟ್ ಕಾಗದವನ್ನು ಎದೆಗೊತ್ತಿಕೊಂಡು ಮಗುವಿನ ಹಾಗೆ ಅತ್ತ. ಕೊರಿನ್ ಒಂದೇ ಉಸಿರಿಗೆ ಕಛೇರಿಗೆ ಸುದ್ದಿ ಮುಟ್ಟಿಸಿದಳು. "ಸಿಕ್ಕಿದ! ಎರಡನೇ ನಂಬರಿನವರಿಗೆ ಈಗಲೇ ಇಲ್ಲ ಅಂತ ಹೇಳ್ಬಿಡಿ. ಪಾಪ, ಆಸೆ ಇಟ್ಕೊಂಡು ಕಾಯ್ತಿರ್ತಾರೆ."

ಫೋನು ಇಟ್ಟವಳೇ ಓಪಲ್‌ಳನ್ನು ಬಾಚಿ ತಬ್ಬಿಕೊಂಡಳು. "ನೀವಿಲ್ಲದಿದ್ರೆ ಇವತ್ತು ಏನೂ ಆಗ್ತಿರಲಿಲ್ಲ. ಬನ್ನಿ, ಮನೆಗೆ ಬಿಡ್ತೀನಿ. ಎಲ್ಲಿ ನಿಮ್ಮನೆ?"

ಓಪಲ್ ಬಾಯಿ ತೆರೆಯುವ ಮೊದಲೇ ಅವಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಅದರ ಮೇಲೆ ಮೂಡಿದ್ದು ಕೊರಿನ್ ಈಗತಾನೇ ಮಾತಾಡಿ ಇಟ್ಟ ಕಛೇರಿಯ ನಂಬರು.