ಸಾಗುವಾನಿ ಗಿಳಿ

ಸಾಗುವಾನಿ ಸುಟ್ಟ ವಾಸನೆ ಬಂದರೆ ನನಗೆ ಇವತ್ತಿಗೂ ಓಝರ್‌ನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಪ್ಪ ಆ ಊರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಅಲ್ಲಿಯ ಹಾಗೆಯೇ ಮನೆಯಲ್ಲೂ ಹಲಗೆಯ ಮೇಲೆ ಪ್ರತಿ ಉಳಿಯ ಆಕಾರ ಬರೆದು, ಅದರದರ ಜಾಗದಲ್ಲೇ ತೂಗುಹಾಕುತ್ತಿದ್ದ. ಅವತ್ತು ಒಂದು ಆಕಾರ ಖಾಲಿ ಇತ್ತು. ಇಡೀ ರಜೆ ದಿನಕ್ಕೊಂದು ಗರಿಯಂತೆ ನಾನು ಕೆತ್ತಿದ್ದ ಗಿಳಿಗೆ ಕೊಕ್ಕು ಮಾತ್ರ ಬಾಕಿ ಇತ್ತು.

"ಸಣ್ಣ ಉಳಿ ಎಲ್ಲೈತಿ?" ಅಪ್ಪ ಕೇಳಿದ.

"ನಾ ಮುಟ್ಟಿಲ್ಲಪಾ."

"ಒಂದ್ ನಟ್ಟು ತಿರುವೋ ಪಾನಾ ಕಳದ್ರ ನಮ್ಮಲ್ಲಿ ವಿಮಾನಾನ ಹಾರಂಗಿಲ್ಲ. ನಿನ್ನ ಗಿಳಿ ಹಾರತೈತೇನವಾ?"

ಕೆತ್ತನೆಯ ಹೊಟ್ಟಿನ ಜೊತೆ ಗಿಳಿಯನ್ನೂ ಗುಡಿಸಿ, ನೀರು ಕಾಯಿಸುವ ಒಲೆಗೆ ಸುರಿದ. ಅದು ಚಟಚಟ ಅಂತ ಉರಿಯಿತು.

ಸ್ನಾನಕ್ಕೆಂದು ಅಂಗಿ ಬಿಚ್ಚಿದಾಗ ಅವನ ಜೇಬಿನಿಂದಲೇ ಉಳಿ ಬಿತ್ತು. ಅಪ್ಪ ಅದನ್ನು ಒರೆಸಿ ಹಲಗೆಗೆ ತೂಗುಹಾಕಿದ.

"ಈಗ ಬರಾಬರ್ ಆತು ನೋಡ್," ಅಂದವನೇ ಬಿಸಿನೀರಿನ ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋದ.