ಬುಧವಾರದ ರೊಟ್ಟಿ

ರಾಚವ್ವನ ಮನೆಯ ನೆಲುವಿನಲ್ಲಿದ್ದ ಕಡಕ್ ರೊಟ್ಟಿ ಉಳವಪ್ಪನ ಖಾನಾವಳಿಯದು. ನೋಡಿದ ಕೂಡಲೇ ಶ್ರೀಶೈಲನಿಗೆ ಗೊತ್ತಾಯಿತು.

ಗೊತ್ತಾಗದೆ ಏನು? ಬಡಿದವಳು ಅವನ ಹೆಂಡತಿಯೇ. ಬೈಲಹೊಂಗಲದ ಆ ಖಾನಾವಳಿಗೆ ದಿನಾ ಒಂದು ಬುಟ್ಟಿ ರೊಟ್ಟಿ ಕೊಡುವವಳು ಅನ್ನಪೂರ್ಣಾ. ಹಪ್ಪಳದಷ್ಟು ತೆಳು, ಒಂದೇ ಮಗ್ಗುಲಿಗೆ ಕರಿ ಎಳ್ಳು. ಅಂಥ ರೊಟ್ಟಿ ಮುರಗೋಡಕ್ಕೆ ತಾನಾಗಿ ನಡೆದು ಬರುವುದಿಲ್ಲ.

“ಯವ್ವಾ, ಈ ರೊಟ್ಟಿ ಯಾರ ತಂದ್ರು?”

“ಯಾರೋ ಪುಣ್ಯಾ ಬರೂವರು ಕೊಟ್ರು. ನೀ ಮೊದಲ ನೀರ ತುಂಬು, ನಳ ನಿಂತ ಹೋದೀತು,” ಎಂದಳು ಮುದುಕಿ. ಅವಳ ಕೈಗಳು ನಡುಗುತ್ತವೆ. ಹಿಟ್ಟು ನಾದುವುದನ್ನು ಬಿಟ್ಟು ವರ್ಷಗಳೇ ಆದವು.

ಶ್ರೀಶೈಲ ಕೊಡ ಎತ್ತಿಕೊಂಡು ಹೊರಬಂದ. ಎದುರು ಮನೆಯ ಲಗಮಪ್ಪ ಕಟ್ಟೆಯ ಮೇಲಿಂದ ಕೂಗಿದ: “ರವಿವಾರ ನೀ, ಬುಧವಾರ ಮತ್ತೊಬ್ರು. ರಾಚವ್ವನ ನಸೀಬ ನೋಡಪಾ!”

ಕೊಡ ಅವನ ಹೆಗಲಿನಿಂದ ಜಾರಿತು.

ಈ ಮನೆ ಅವನ ಪೆನ್ಶನ್ನು. ಬೀಜ-ಗೊಬ್ಬರದ ಅಂಗಡಿಯ ಟೆಂಪೊ ಓಡಿಸುವವನಿಗೆ ಇನ್ನಾವ ಪೆನ್ಶನ್ನು? ವಯಸ್ಸು ಮೂವತ್ತೊಂದು, ಬೆನ್ನು ಮಾತ್ರ ಈಗಲೇ ಐವತ್ತರದು. ಹೋದ ವರ್ಷ ಚೀಲ ಇಳಿಸಲು ಬಂದವನು ಈ ಬಾಗಿಲಲ್ಲಿ ನೀರು ಕೇಳಿದ್ದ. ಮಕ್ಕಳಿಲ್ಲದ ವಿಧವೆ. ಎರಡು ಖೋಲಿ, ಮುಂದೆ ಅಂಗಡಿ ಇಡುವಂಥ ಪಡಸಾಲೆ, ತಂಪು ಕಲ್ಲಿನ ಕಟ್ಟೆ.

“ಹಿಂದ ಮುಂದ ಯಾರೂ ಇಲ್ಲದವರು ನನ್ನ ನೋಡಿಕೊಂಡ್ರ, ನನ್ನ ಹಿಂದ ಈ ಮನಿ ಅವರದ,” ಎಂದಿದ್ದಳು ರಾಚವ್ವ. “ಸಂಸಾರಸ್ಥರ ಸಹವಾಸ ಬ್ಯಾಡಪಾ. ನನ್ನ ಹೊರಗ ಹಾಕಿ ಅವರ ಅತ್ತಿ-ಮಾವನ್ನ ತಂದ ಕುಂದರಸ್ತಾರ.”

ಶ್ರೀಶೈಲ ಮದುವೆಯ ಉಂಗುರವನ್ನು ಮೆಲ್ಲಗೆ ಕಿಸೆಗೆ ಜಾರಿಸಿ ಹೇಳಿದ್ದ: “ನನಗ ಹಿಂದ ಮುಂದ ಯಾರೂ ಇಲ್ಲ, ಯವ್ವಾ. ನೀನ ನನ್ನ ತಾಯಿ.”

ಸುಳ್ಳೇನೋ ಸುಳ್ಳೇ. ಆದರೆ ಮೋಸ ಯಾರಿಗೆ? ಮುಂದೊಂದು ದಿನ ಮುಪ್ಪಾದ ಶ್ರೀಶೈಲ ಆ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿರುತ್ತಾನೆ, ಒಳಗಿನಿಂದ ಅನ್ನಪೂರ್ಣಾ ಚಹಾ ತರುತ್ತಾಳೆ. ಅವಳಿಗೆ ಆಗ ಹೇಳಿದರಾಯಿತು. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಅವನ ನಂಬಿಕೆ. ಅದಕ್ಕೇ ಗೆಳೆಯ ಉಳವಪ್ಪನೊಬ್ಬನಿಗೆ ಹೇಳಿದ್ದ.

ಅನ್ನಪೂರ್ಣಾ ಹೋದ ವರ್ಷವೆಲ್ಲ ಒಂದೇ ಮಾತು ಹಿಡಿದಿದ್ದಳು. “ಓಣ್ಯಾಗ ಎಲ್ಲಾರೂ ಪೆನ್ಶನ್ ಯೋಜನಾಕ್ಕ ಹೆಸರ ಹಚ್ಚ್ಯಾರ. ನಾವೂ ಹಚ್ಚೂಣ್ರಿ. ಮುಪ್ಪಾದ ಮ್ಯಾಲ ನನ್ನ ಕೈಲೆ ರೊಟ್ಟಿ ಬಡ್ಯಾಕ ಆಗ್ತೈತೇನು?”

“ಅರವತ್ತರ ಚಿಂತಿ ನನಗ ಬಿಡು.”

“ಯಾಕ್ರಿ, ನನಗ ಅರವತ್ತ ಆಗೂದಿಲ್ಲೇನು?”

ಅವನು ನಕ್ಕುಬಿಡುತ್ತಿದ್ದ. ಈಚೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು. ಸುಧಾರಿಸಿದಳು ಎಂದುಕೊಂಡ. ಜೋಪಾನದ ಹೆಂಗಸು ಬೇರೆ. ಖಾನಾವಳಿಗೆ ರಜೆಯಿದ್ದ ದಿನ ಹೂಲಿಯ ತವರಿಗೆ ಹೊರಟರೆ ತಾಳಿಯನ್ನೂ ತೆಗೆದು ಡಬ್ಬಿಯಲ್ಲಿ ಇಟ್ಟೇ ಹೋಗುವಳು. “ಬಸ್ಸಿನಾಗ ಗದ್ದಲ ಭಾಳ್ರಿ. ಕೊಳ್ಳಾಗಿಂದ ಯಾರರೆ ಹರಕೊಂಡ ಹೋದ್ರ?” ಶಾಣ್ಯಾಕಿ, ಎಂದು ಅವನು ಬೆನ್ನು ತಟ್ಟಿದ್ದ.

ಮರುದಿನ ಮಧ್ಯಾಹ್ನ ಖಾನಾವಳಿಗೆ ನುಗ್ಗಿದ. ಉಳವಪ್ಪ ಝುಣಕಾ ಬಡಿಸುತ್ತಿದ್ದ.

“ಏನಲೇ ದೋಸ್ತ, ಮಾರಿ ಯಾಕ ಹಂಗ? ಪೆನ್ಶನ್ ನಿಂತೇನು?”

“ಮುದುಕಿ ಮನಿಗೆ ನಿನ್ನ ರೊಟ್ಟಿ ಹೆಂಗ ಹೋತು?”

ಸೌಟು ಅರ್ಧಕ್ಕೇ ನಿಂತಿತು. “ನಿನ್ನ ಮುದುಕಿ ನನಗ್ಯಾಕೋ? ನಾ ಈ ಗಲ್ಲಾದ ಮ್ಯಾಲ ಕುಂತ ಸಾಯಾಂವ.”

“ಮತ್ತ ಯಾರಿಗರೆ ಹೇಳೀಯೇನು?”

“ಹೊರಗಿನವರಿಗೆ ಒಂದ ಮಾತ ಹೇಳಿಲ್ಲ. ಬಸವಣ್ಣನಾಣಿ.” ಹೇಳುವಾಗ ಅವನು ತಲೆ ಎತ್ತಲಿಲ್ಲ.

ಅಷ್ಟೇ ಸಾಕಾಯಿತು. ಸಾಲಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು, ಒಂದೇ ತಾಟಿನಲ್ಲಿ ಉಂಡವನು. ಈಗ ಒಂದೇ ಮನೆಗೆ ಕಣ್ಣು ಹಾಕಿದ್ದಾನೆ! ಬುಧವಾರ ಖಾನಾವಳಿಗೆ ರಜೆ. ಇನ್ನು ಯಾರನ್ನು ಕೇಳಬೇಕಾಗಿದೆ?

ಬುಧವಾರ ಶ್ರೀಶೈಲ ಟೆಂಪೊವನ್ನು ಮುರಗೋಡದ ಮಠದ ಹತ್ತಿರ ನಿಲ್ಲಿಸಿ ನಡೆದ. ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಹದ ಮಾಡಿಕೊಂಡ. ಉಳವಪ್ಪನ ಕೊರಳಪಟ್ಟಿ ಹಿಡಿದು ಎಳೆದು ತಂದು ಮುದುಕಿಯ ಮುಂದೆ ನಿಲ್ಲಿಸಬೇಕು. “ಯವ್ವಾ, ಇವ ಸುಳ್ಳ ಹೇಳ್ಯಾನ! ಇವನಿಗೆ ಸಂಸಾರ ಐತಿ! ಕಟಗೊಂಡವರನ್ನ ಇಲ್ಲ ಅನ್ನಾಂವ ನಾಳೆ ನಿನ್ನ ನೋಡ್ಯಾನೇನು?” ಹೇಳಿಕೊಂಡಷ್ಟೂ ಕಣ್ಣು ತುಂಬಿ ಬಂದವು. ಮೋಸವೆಂದರೆ ಹೀಗೆ ಸುಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಲಗಮಪ್ಪ ಕಟ್ಟೆಯ ಮೇಲೆಯೇ ಇದ್ದ. “ಏನಪಾ, ಇವತ್ತ ನಿಂದಲ್ಲಲಾ ಪಾಳಿ?” ಎಂದ. ಶ್ರೀಶೈಲ ನೇರ ಬಾಗಿಲ ಕಡೆ ನಡೆದ.

ಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲಿಗೆ ಕಾಲಿಟ್ಟವನು ಹಾಗೆಯೇ ನಿಂತ.

ಒಳಗೆ ಪಟ ಪಟ ಸದ್ದು. ಅವನು ದಿನಾ ಬೆಳಿಗ್ಗೆ ಹಾಸಿಗೆಯಲ್ಲಿ ಕಣ್ಣು ಬಿಡುವ ಮೊದಲೇ ಕೇಳುವ ಸದ್ದು.

“ಎಂಥಾ ಕೈ ನಿಂದು!” ರಾಚವ್ವ ಹೇಳುತ್ತಿದ್ದಳು. “ಇಂಥಾಕಿನ್ನ ಕಟಗೊಳ್ಳಾಕ ಒಬ್ಬ ಗಂಡಸ ಸಿಗಲಿಲ್ಲೇನ ನನ್ನವ್ವಾ, ಆ ಬೈಲಹೊಂಗಲದಾಗ?”

ರೊಟ್ಟಿಯ ಮೇಲಿನ ಕೈ ನಿಲ್ಲಲಿಲ್ಲ. “ನನಗ ಹಿಂದ ಮುಂದ ಯಾರೂ ಇಲ್ಲ, ಯವ್ವಾ,” ಎಂದಳು ಅನ್ನಪೂರ್ಣಾ. “ನೀನ ನನ್ನ ತಾಯಿ.”