ಲುಸೆರೊಳ ಕೊನೆಯ ಸಾಲು

ಎದೆಲ್ಮಿರಾ ಟೀಚರ್ ಹಾಳೆಯನ್ನು ಮತ್ತೆ ಡೆಸ್ಕಿನ ಮೇಲೆ ಒಗೆದಳು.

"ಕೊನೇ ಸಾಲು ತಪ್ಪು ಅಂತ ಎಷ್ಟು ಸಲ ಬಡ್ಕೋಬೇಕೇ ನಿನ್ನ ಹತ್ರ?"

ನಾಲ್ಕನೆಯ ತರಗತಿಯ ಲುಸೆರೊ ಪೆನ್ಸಿಲ್ ಕಚ್ಚುತ್ತ ಕೂತಿದ್ದಳು. ಅಳಲಿಲ್ಲ. ಅತ್ತಿದ್ದರೆ ಟೀಚರ್ ಮನಸ್ಸು ಕರಗುತ್ತಿತ್ತೋ ಏನೋ.

ಸತ್ತವರ ಹಬ್ಬ ಹತ್ತಿರವಾಗಿತ್ತು. ಹಬ್ಬ ಎಂದಮೇಲೆ ಕಲವೆರಿತಾ ಇರಲೇಬೇಕು. ಬದುಕಿರುವ ಯಾರನ್ನಾದರೂ ಹಿಡಿದು ಗೇಲಿ ಮಾಡುವ ಪದ್ಯ ಅದು. ಕೊನೆಗೆ ಸಾವಮ್ಮ ಬಂದು ಆ ಪುಣ್ಯಾತ್ಮರನ್ನು ಎಳೆದುಕೊಂಡು ಹೋಗಬೇಕು, ಕೇಳಿದವರೆಲ್ಲ ನಗಬೇಕು. ಮುನಿಸಿಕೊಂಡವರು ಹೆಡ್ಡರು. ಪ್ರತಿ ತರಗತಿಯ ಒಂದು ಪದ್ಯವನ್ನು ಶಾಲೆಯ ಅಂಗಳದಲ್ಲಿ ಊರಿನವರ ಮುಂದೆ ಓದುವುದು ವಾಡಿಕೆ.

ಪುಯೆಬ್ಲಾ ನಗರದಿಂದ ವೆರಾಕ್ರೂಸ್‌ನ ಈ ಕಬ್ಬಿನ ಊರಿಗೆ ಎದೆಲ್ಮಿರಾ ವರ್ಗವಾಗಿ ಬಂದದ್ದು ಇದೇ ವರ್ಷ. ಮಕ್ಕಳಿಗೆ ಸ್ವಂತ ಬರೆಯುವುದನ್ನು ಕಲಿಸಿಯೇ ತೀರುತ್ತೇನೆ ಎಂಬ ಹಟ ಹೊತ್ತು ಬಂದಿದ್ದಳು. ಹಟವೆಲ್ಲ ನೀರಿನಲ್ಲಿ ಹೋಮವಾಗಿತ್ತು. ಇಡೀ ತರಗತಿ ಹೆಡ್‌ಮಾಸ್ತರರ ಬೋಳುತಲೆಯ ಮೇಲೆಯೇ ಬರೆದಿತ್ತು. ಎಲ್ಲ ಅಕ್ಕಂದಿರ, ಅಣ್ಣಂದಿರ ಹಳೆಯ ಪದ್ಯಗಳ ನಕಲು. ಒಬ್ಬನಂತೂ ಮೂರು ವರ್ಷದ ಹಿಂದೆ ನಿವೃತ್ತರಾದ ಹೆಡ್‌ಮಾಸ್ತರರನ್ನು ಸಾಯಿಸಿದ್ದ.

ಸ್ವಂತ ಬರೆದವಳು ಲುಸೆರೊ ಒಬ್ಬಳೇ. ಅದಕ್ಕೇ ಟೀಚರಿಗೆ ಅವಳ ಹಟದ ಮೇಲೆ ಇನ್ನಷ್ಟು ಸಿಟ್ಟು.

ಅಮ್ಮನ ರೊಟ್ಟಿ ಇದ್ದಿಲಿಗಿಂತ ಕಪ್ಪು,
ಸಾರಿಗೆ ಹಾಕುವಳು ಎರಡೆರಡು ಸಲ ಉಪ್ಪು.
ಸಾವಮ್ಮ ಬಂದು ಬಾಗಿಲು ಬಡಿದಳು,
ಎಲ್ಲೂ ಸಿಗದೆ ಬರಿಗೈಲಿ ನಡೆದಳು.

"ಸಾವಮ್ಮ ಬರಿಗೈಲಿ ಹೋದ್ರೆ ಅದು ಕಲವೆರಿತಾನೇ ಅಲ್ಲ ಕಣೇ! ಅವಳಿಗೆ ಸಿಗದೋರು ಯಾರಿದ್ದಾರೆ?"

"ನಮ್ಮಮ್ಮ ಸಿಗಲ್ಲ ಟೀಚರ್."

"ಬರೀ ತಮಾಷೆ ಇದು. ನಿಮ್ಮಮ್ಮಂಗೇ ತೋರ್ಸು, ಅವರೇ ಬಿದ್ದುಬಿದ್ದು ನಗ್ತಾರೆ."

"ಬಂದ್ಮೇಲೆ ತೋರಿಸ್ತೀನಿ."

ಕೆಲಸಕ್ಕೆಂದು ದೊಡ್ಡ ಊರುಗಳಿಗೆ ಹೋಗಿ ಹಬ್ಬಕ್ಕೆ ಬರುವ ತಾಯಂದಿರು ಈ ಊರಲ್ಲಿ ಬೇಕಾದಷ್ಟಿದ್ದರು. ಟೀಚರ್ ಮುಂದೆ ಕೇಳಲಿಲ್ಲ.

ಹಿಂದಿನ ಬೆಂಚಿನ ತೋಮಾಸಾ ಎದ್ದು ನಿಂತಳು. "ಬಿಟ್ಬಿಡಿ ಟೀಚರ್. ಅದು ಹಾಗೇ ಚೆನ್ನಾಗಿದೆ."

"ನಿನ್ನ ಪದ್ಯ ನೀನು ನೋಡ್ಕೋ. ನಕಲು ಹೊಡೆಯೋಕೂ ಬಂದಿಲ್ಲ ನಿಂಗೆ."

ಯಾರೂ ನಗಲಿಲ್ಲ. ಸದಾ ಗಲಾಟೆ ಮಾಡುವ ತರಗತಿ ಇಂದು ಬಾಯಿಗೆ ಬೀಗ ಹಾಕಿಕೊಂಡಿತ್ತು. ಎಲ್ಲ ಒಂದಾಗಿ ತನ್ನನ್ನು ಸೋಲಿಸಲು ನಿಂತಿದ್ದಾರೆ ಎನಿಸಿ ಆಕೆಯ ಮೈ ಉರಿಯಿತು.

ಲುಸೆರೊ ಆ ಸಾಲನ್ನು ಅಳಿಸಿದಳು. ಮತ್ತೆ ಬರೆದಳು. ಮತ್ತೆ ಅದೇ ಸಾಲು.

ಹಬ್ಬದ ದಿನ ಅಂಗಳದ ತುಂಬ ಚೆಂಡುಹೂವಿನ ತೋರಣ. ಊರಿನವರು ಸಿಹಿ ಬ್ರೆಡ್ಡು ಮೆಲ್ಲುತ್ತ, ಬಿಸಿ ಚಾಕೊಲೇಟ್ ಹೀರುತ್ತ ಕೂತಿದ್ದರು. ಮೂರನೆಯ ತರಗತಿಯವರು ಅಂಗಡಿಯ ದೋನ್ ಫಿದೆಂಸಿಯೊನನ್ನು ಅವನ ತಕ್ಕಡಿಯ ಸಮೇತ ಸಾವಮ್ಮನಿಗೆ ಒಪ್ಪಿಸಿದರು. ಅವನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ನಾಲ್ಕನೆಯ ತರಗತಿಯ ಸರದಿ ಬಂತು. ಲುಸೆರೊ ಓದಲು ಒಪ್ಪಲಿಲ್ಲ. ಹಾಳೆ ಟೀಚರ್ ಕೈಯಲ್ಲೇ ಇತ್ತು. ಇಷ್ಟು ಚೆಂದದ ಪದ್ಯ ಒಂದು ಹಟಕ್ಕೆ ಕೆಟ್ಟುಹೋಗಬೇಕೇ? ಆಕೆ ಪೆನ್ನು ತೆಗೆದು ಕೊನೆಯ ಸಾಲನ್ನು ಹೊಡೆದುಹಾಕಿದಳು. ಯಾವುದಾದರೊಂದು ಜಾಗ ಬೇಕಿತ್ತು. ಕಾಂಪೌಂಡಿನಾಚೆ, ಗುಡ್ಡದ ಬುಡದಲ್ಲಿ ಪಾಳುಬಿದ್ದ ಆಲೆಮನೆ ಕಾಣಿಸಿತು. ಸಾಕು. ಗೀಚಿಕೊಂಡು ವೇದಿಕೆ ಹತ್ತಿದಳು.

ಕಪ್ಪು ರೊಟ್ಟಿಗೆ ಯಾರೂ ನಗಲಿಲ್ಲ. ಎರಡು ಸಲದ ಉಪ್ಪಿಗೂ ಇಲ್ಲ. ಟೀಚರ್ ಹಲ್ಲು ಕಚ್ಚಿ ದನಿ ಏರಿಸಿದಳು.

"ಸಾವಮ್ಮ ಬಂದು ಬಾಗಿಲು ಬಡಿದಳು,
ಆಲೆಮನೆ ಹಿಂದೆ ಕಂಡು ಜುಟ್ಟು ಹಿಡಿದಳು!"

ಚಪ್ಪಾಳೆ ಬರಲಿಲ್ಲ. ಲುಸೆರೊ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಅವಳ ಜೊತೆಗೇ ಇನ್ನೂ ಐದಾರು ಹೆಂಗಸರು ಎದ್ದರು. ಎಲ್ಲರದೂ ಒಂದೇ ಥರದ ಬಿಳಿ ಅಂಗಿ. ಎಲ್ಲರ ಎದೆಯ ಮೇಲೂ ಒಂದೊಂದು ಬೇರೆ ಮುಖದ ಫೋಟೊ, ಕೆಳಗೆ ದಪ್ಪ ಅಕ್ಷರ: 'ಇವರನ್ನು ಕಂಡಿರಾ?' ಮುದುಕಿಯ ಎದೆಯ ಮೇಲಿದ್ದವಳಿಗೆ ಥೇಟ್ ಲುಸೆರೊಳ ಕಣ್ಣು.

ಮುದುಕಿ ವೇದಿಕೆಯ ಹತ್ತಿರ ಬಂದು ಟೀಚರ್ ಕೈ ಹಿಡಿದುಕೊಂಡಳು. ಅಂಗೈ ತುಂಬ ಗುದ್ದಲಿ ಹಿಡಿದ ಬೊಕ್ಕೆ. ಬೇರೆ ಯಾರಿಗೂ ಕೇಳದಂತೆ ಪಿಸುಗುಟ್ಟಿದಳು.

"ಆಲೆಮನೆ ಹಿಂದೆ ಅಂತ ನಿಮಗೆ ಯಾರು ಹೇಳಿದ್ರು ಟೀಚರಮ್ಮ? ಹೆಸರು ಬೇಡ, ನಿಜಾನಾ ಅಂತಷ್ಟೇ ಹೇಳಿ. ಅಲ್ಲಿ ನಾವಿನ್ನೂ ಅಗೆದಿಲ್ಲ."